ಹಾರ್ನೆಸ್ ಕೊನೆಗೆ ಬರುವ ಸಾಮಾನು: ಆಟೋಕ್ರಾಸ್‌ಗೆ ತಯಾರಾದ ಒಂದು ಸ್ವಿಫ್ಟ್‌ನ ಪ್ರಕರಣ

ಕಾರು 2009ರ ಮಾರುತಿ ಸ್ವಿಫ್ಟ್, 1.3 ಪೆಟ್ರೋಲ್, ಏರ್‌ಬ್ಯಾಗ್ ಇಲ್ಲದ ಮಾಡೆಲ್. ಓಡಿಸುವವನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯ ಹುಡುಗ. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಮಲೆನಾಡಿನಲ್ಲಿ ನಡೆಯುವ ಆಟೋಕ್ರಾಸ್‌ಗಳಲ್ಲಿ, ಅಂದರೆ ಗುರುತು ಹಾಕಿದ ದಾರಿಯಲ್ಲಿ ಸಮಯ ಲೆಕ್ಕ ಹಾಕಿ ಕಾರು ಓಡಿಸುವ ಸ್ಪರ್ಧೆಗಳಲ್ಲಿ, ಓಡಿಸಬೇಕು ಅಂತ ಅವನಿಗೆ ಆಸೆ. ಕೈ ಚೆನ್ನಾಗಿದೆ, ಕಾರಿನ ಮೇಲೆ ಪ್ರೀತಿಯೂ ಇದೆ. ಶಿವಮೊಗ್ಗದ ನಮ್ಮ ಫ್ಯಾಬ್ರಿಕೇಷನ್ ಶೆಡ್ಡಿಗೆ ಬಂದವನು ಕೇಳಿದ್ದು ಇಷ್ಟೇ: "ಹಾರ್ನೆಸ್ ಇನ್ನೂ ಸ್ವಲ್ಪ ಬಿಗಿಯಾಗಿ ಕೂರೋ ಹಾಗೆ ಮಾಡಿಕೊಡಿ." ಹಾರ್ನೆಸ್ ಅಂದರೆ ರೇಸ್ ಕಾರಿನಲ್ಲಿ ಎರಡೂ ಭುಜ, ಸೊಂಟ ಹಿಡಿಯುವ ಬೆಲ್ಟು.

ಅಭ್ಯಾಸ ಮಾಡುವಾಗ ಸೊಂಟದ ಬೆಲ್ಟು ಹೊಟ್ಟೆಯ ಮೇಲಕ್ಕೆ ಏರುತ್ತಿತ್ತಂತೆ. ಭುಜ ನೋಯುತ್ತಿತ್ತಂತೆ. ಒಂದು ಸಲ ಮುಂದಿನ ಚಕ್ರ ಗದ್ದೆಯ ಕಾಲುವೆಗೆ ಇಳಿದು ಕಾರು ಧಡ್ ಅಂತ ನಿಂತಾಗ ಪಕ್ಕೆಲುಬಿನ ಕೆಳಗೆ ಬೆಲ್ಟಿನ ಅಗಲಕ್ಕೇ ಕಂದುಗಟ್ಟಿದೆ. ಬೆಲ್ಟು ಸಡಿಲ ಇದ್ದದ್ದಕ್ಕೆ ಹೀಗಾಯಿತು ಅಂತ ಅವನು ತಿಳಿದಿದ್ದ. ಆದರೆ ಆ ಕಾರಿನಲ್ಲಿ ಬೆಲ್ಟನ್ನು ಎಷ್ಟು ಬಿಗಿ ಮಾಡಿದರೂ ತೊಂದರೆ ಜಾಸ್ತಿಯೇ ಆಗುತ್ತಿತ್ತು.

ಕಾರಿನಲ್ಲಿ ಕಂಡದ್ದು

ಮೊದಲು ಅವನನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿಸಿ, ಪಕ್ಕದಿಂದ ನೋಡಿದೆವು. ಹಾರ್ನೆಸ್ ನಾಲ್ಕು ಪಟ್ಟಿಯದು: ಭುಜಕ್ಕೆ ಎರಡು, ಸೊಂಟಕ್ಕೆ ಎರಡು. ತೊಡೆಗಳ ನಡುವಿನಿಂದ ಬರುವ ಕ್ರಾಚ್ ಸ್ಟ್ರಾಪ್ ಇಲ್ಲ. ಮೋಟಾರ್ ರೇಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಲೇಬಲ್ ಎಲ್ಲೂ ಇಲ್ಲ. ಭುಜದ ಪಟ್ಟಿಗಳು ಸೀಟಿನ ತೂತಿನಿಂದ ಹೊರಬಂದು ಸೀಟಿನ ಬೆನ್ನಿಗೇ ಅಂಟಿಕೊಂಡು ಕೆಳಕ್ಕೆ ಇಳಿದಿದ್ದವು. ಹಿಂದೆ ಕೂತವರು ಕಾಲಿಡುವ ಜಾಗದಲ್ಲಿ ನೆಲಕ್ಕೆ ತೂತು ಹೊಡೆದು ಅಲ್ಲಿ ಬೋಲ್ಟು ಹಾಕಿದ್ದರು. ಆಂಗಲ್ ಗೇಜ್ ಇಟ್ಟರೆ ಇಳಿಜಾರು 60 ಡಿಗ್ರಿ ದಾಟಿತ್ತು.

ಕಾರಿನ ಅಡಿಗೆ ಹೋಗಿ ನೋಡಿದರೆ ಆ ಬೋಲ್ಟುಗಳ ತಲೆಗೆ ಸಿಕ್ಕಿದ್ದು ಚಿಕ್ಕ ತಟ್ಟೆ ವಾಷರ್ ಮಾತ್ರ. ಇಂಥ ಕಾರಿನ ನೆಲದ ತಗಡು ಒಂದು ಮಿಲಿಮೀಟರಿಗಿಂತ ತೆಳು. ಲೆಕ್ಕ ಹಾಕಿ ನೋಡಿ. 70 ಕೆಜಿಯ ಮನುಷ್ಯ 20 ಜಿ (ತನ್ನ ತೂಕದ 20 ಪಟ್ಟು) ಹೊಡೆತದಲ್ಲಿ ನಿಲ್ಲಬೇಕಾದರೆ ಬೆಲ್ಟುಗಳೆಲ್ಲ ಸೇರಿ 1,400 ಕೆಜಿಯಷ್ಟು ಎಳೆತ ತಡೆಯಬೇಕು. ಆ ವಾಷರ್ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ, ಅದರಲ್ಲಿ ಅನುಮಾನವೇ ಇಲ್ಲ.

ಸೀಟು ಫೈಬರ್ ಬಕೆಟ್. ಅದಕ್ಕೂ ಲೇಬಲ್ ಇಲ್ಲ. ಅಡಿಗೆ ಎರಡು ಚಪ್ಪಟೆ ಪಟ್ಟಿ, ಅದರ ಕೆಳಗೆ ಎಲ್ಲ ಕಾರಿಗೂ ಕೂರುತ್ತದೆ ಎಂದು ಮಾರುವ ಸ್ಲೈಡರ್. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸೀಟಿನ ತಲೆ ಎರಡು ಬೆರಳಿನಷ್ಟು ಆಡುತ್ತಿತ್ತು. ಸೊಂಟದ ಪಟ್ಟಿಗಳು ಸೀಟಿನ ಪಕ್ಕದ ತೂತಿನೊಳಗಿಂದ ಬರಬೇಕಿತ್ತು. ಇಲ್ಲಿ ಬಕೆಟ್ಟಿನ ಅಂಚಿನ ಮೇಲಿಂದ ಹಾದು ಬಂದಿದ್ದವು. ಹಾಗಾಗಿ ಅವು ಸೊಂಟದ ಮೂಳೆಯನ್ನು ಮುಟ್ಟಿಯೇ ಇರಲಿಲ್ಲ, ಹೊಟ್ಟೆಯ ಎದುರು ಗಾಳಿಯಲ್ಲಿ ಸೇತುವೆಯಂತೆ ನಿಂತಿದ್ದವು.

ರೋಲ್ ಕೇಜ್, ಅಂದರೆ ಮಗುಚಿದಾಗ ಚಾವಣಿ ಬಗ್ಗದಂತೆ ಕಾರಿನೊಳಗೆ ಕಟ್ಟುವ ಪೈಪಿನ ಪಂಜರ, ಇಲ್ಲ. ಹೊಡೆತಕ್ಕೆ ತಲೆ ಮುಂದಕ್ಕೆ ಹಾರದಂತೆ ಹೆಲ್ಮೆಟ್ಟನ್ನು ಹಿಡಿಯುವ, ಭುಜದ ಮೇಲೆ ಕೂರುವ ಹ್ಯಾನ್ಸ್ ಇಲ್ಲ. ಹೆಲ್ಮೆಟ್ ಬೈಕಿನದು. ಕಂಪನಿ ಕೊಟ್ಟ ಸೀಟ್ ಬೆಲ್ಟನ್ನು ಬಿಚ್ಚಿ ಡಿಕ್ಕಿಯಲ್ಲಿ ಹಾಕಿದ್ದರು. ಇದೇ ಕಾರಿನಲ್ಲಿ ಅವನು ದಿನಾ ಪೇಟೆಗೂ ಬರುತ್ತಿದ್ದ.

ಈ ಕೆಲಸ ಮಾಡಿದವರು ಯಾರು ಅಂತ ನಾನು ಕೇಳಲಿಲ್ಲ. ಹೀಗೆ ಕಟ್ಟಿದ ಕಾರುಗಳು ಬೇಕಾದಷ್ಟಿವೆ. ಕೆಂಪು ಪಟ್ಟಿ, ಕಪ್ಪು ಬಕೆಟ್, ನೋಡಲು ರೇಸ್ ಕಾರೇ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು.

ಬೆಲ್ಟು ಹೊಟ್ಟೆಗೆ ಏರಿದ್ದು ಯಾಕೆ

ನಾಲ್ಕು ಪಟ್ಟಿಯ ಹಾರ್ನೆಸ್‌ನಲ್ಲಿ ಭುಜದ ಎರಡು ಪಟ್ಟಿ ಕೆಳಗೆ ಬಂದು ಸೊಂಟದ ಬಕಲ್ಲಿಗೆ ಸೇರುತ್ತವೆ. ಭುಜದ ಪಟ್ಟಿ ಎಳೆದರೆ ಬಕಲ್ಲು ಮೇಲಕ್ಕೆ ಬರುತ್ತದೆ. ಬಕಲ್ಲಿನ ಜತೆ ಸೊಂಟದ ಪಟ್ಟಿಯೂ ಮೂಳೆ ಬಿಟ್ಟು ಹೊಟ್ಟೆಗೆ ಏರುತ್ತದೆ. ಇನ್ನೂ ಬಿಗಿ ಮಾಡಿದರೆ ಇನ್ನೂ ಮೇಲಕ್ಕೆ. ಈಗ ಕಾರು ಗಕ್ಕನೆ ನಿಂತಿತು ಅಂದುಕೊಳ್ಳಿ. ಸೊಂಟ ಬೆಲ್ಟಿನ ಅಡಿಯಿಂದ ಮುಂದಕ್ಕೆ ಜಾರುತ್ತದೆ, ಬೆಲ್ಟು ಮೆತ್ತನೆಯ ಹೊಟ್ಟೆಯನ್ನು ಒತ್ತುತ್ತದೆ. ಇದನ್ನೇ ಸಬ್‌ಮರೀನಿಂಗ್ ಅನ್ನುವುದು. ಕರುಳು ಇರುವುದು ಅಲ್ಲೇ, ಅದರ ಮುಂದೆ ಮೂಳೆಯ ಕಾವಲಿಲ್ಲ. ಹುಡುಗನ ಕಂದುಗಟ್ಟಿದ ಗೆರೆ ಅದರ ಮೊದಲ ಗುರುತು. ಕಾಲುವೆ ಸಣ್ಣದಿತ್ತು, ವೇಗ ಕಡಿಮೆಯಿತ್ತು, ಅಲ್ಲಿಗೇ ನಿಂತಿತು.

ಕ್ರಾಚ್ ಸ್ಟ್ರಾಪಿನ ಕೆಲಸ ಆ ಬಕಲ್ಲನ್ನು ಕೆಳಗೆ ಹಿಡಿಯುವುದು. ಹಾಗಾಗಿಯೇ ಆರು ಪಟ್ಟಿಯ ಹಾರ್ನೆಸ್. ನಾಲ್ಕೇ ಪಟ್ಟಿ ಇದ್ದೂ ಜಾರದಂತೆ ಮಾಡಿದ ಬೆಲ್ಟು ಇಲ್ಲವೇ ಅಂದರೆ, ಇದೆ. ಜರ್ಮನಿಯ ಶ್ರೋತ್ ಕಂಪನಿ ಒಂದು ಕಡೆಯ ಭುಜದ ಪಟ್ಟಿಯಲ್ಲಿ ಮಡಿಕೆ ಹೊಲಿದಿರುತ್ತದೆ. ಹೊಡೆತಕ್ಕೆ ಆ ಹೊಲಿಗೆ ಬಿಚ್ಚಿ ಒಂದು ಭುಜ ಸ್ವಲ್ಪ ಮುಂದೆ ಹೋಗುತ್ತದೆ, ಸೊಂಟ ಜಾರುವುದಿಲ್ಲ. ಆದರೆ ಅದು ಕೆಲವು ಕಾರುಗಳ ಕಂಪನಿ ಸೀಟಿಗೆ ಲೆಕ್ಕ ಹಾಕಿ ಮಾಡಿದ್ದು. ಹೆಸರಿಲ್ಲದ ನಾಲ್ಕು ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಭುಜದ ನೋವು. ಪಟ್ಟಿ ಭುಜದಿಂದ ಹಿಂದಕ್ಕೆ ಹೋಗಬೇಕು. ಕೆಳಕ್ಕೆ ಹೋದರೆ ಹೊಡೆತದ ಹೊತ್ತಿಗೆ ಅದು ಎದೆಯನ್ನು ಹಿಂದಕ್ಕೆ ಹಿಡಿಯುವ ಬದಲು ಭುಜವನ್ನು ನೆಲದ ಕಡೆ ಎಳೆಯುತ್ತದೆ. ಆ ಎಳೆತ ಬೀಳುವುದು ಬೆನ್ನುಮೂಳೆಯ ಮೇಲೆ. 10 ಡಿಗ್ರಿ ಇಳಿಜಾರಿನಲ್ಲಿ ಪಟ್ಟಿಯ ನೂರು ಕೆಜಿ ಎಳೆತಕ್ಕೆ 17 ಕೆಜಿ ಕೆಳಮುಖ. 45 ಡಿಗ್ರಿಗೆ 71 ಕೆಜಿ. ಇವನ ಕಾರಿನ 60 ಡಿಗ್ರಿಯಲ್ಲಿ 87 ಕೆಜಿ. ಎಫ್‌ಐಎ ನಿಯಮಾವಳಿಯ ಅನುಬಂಧ ಜೆ, 253ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಸೀಟಿನ ಬೆನ್ನಿನ ಮೇಲಂಚಿನಿಂದ ಇಳಿಜಾರು 45 ಡಿಗ್ರಿ ದಾಟಬಾರದು, 10 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. 45 ಡಿಗ್ರಿ ಅನ್ನುವುದು ಕೊನೆಯ ಗಡಿ. ಅದನ್ನೇ ಗುರಿ ಅಂತ ಹಿಡಿದು ಕಟ್ಟುವವರನ್ನು ನೋಡಿದರೆ ಬೇಜಾರಾಗುತ್ತದೆ.

ನಡುವಿನ ದಾರಿ ಬೇಕು ಅಂದ

ಹುಡುಗನಿಗೆ ವಿವರಿಸಿದಾಗ ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆರು ಪಟ್ಟಿಯ ಒಳ್ಳೆಯ ಹಾರ್ನೆಸ್ ಹಾಕಿ, ಹಿಂದೆ ಒಂದು ಅಡ್ಡ ಪೈಪ್ ಕಟ್ಟಿ, ಕೇಜ್ ಇಲ್ಲದೆ ಓಡಿಸಬಹುದಲ್ವಾ? ದಿನದ ಓಡಾಟಕ್ಕೂ ಅದೇ ಕಾರು ಉಳಿಯುತ್ತದೆ, ಖರ್ಚೂ ಕಡಿಮೆ. ಅಮೆರಿಕದವರು ಸಾಮಾನ್ಯ ಕಾರಿನಲ್ಲೇ ಆಟೋಕ್ರಾಸ್ ಮಾಡುವ ವಿಡಿಯೋಗಳನ್ನೂ ತೋರಿಸಿದ.

ಅಲ್ಲಿನ ಆಟೋಕ್ರಾಸ್ ಟಾರ್ ಅಥವಾ ಕಾಂಕ್ರೀಟ್ ಹಾಕಿದ ವಿಶಾಲ ಜಾಗದಲ್ಲಿ, ರಬ್ಬರ್ ಕೋನುಗಳ ನಡುವೆ. ಡಿಕ್ಕಿ ಹೊಡೆಯಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಕಂಪನಿ ಬೆಲ್ಟಿನಲ್ಲೇ ಓಡಿಸುವವರು ಬಹಳ. ನಮ್ಮ ಕಡೆ ಆಟೋಕ್ರಾಸ್ ಮಣ್ಣಿನ ಮೇಲೆ. ಹತ್ತು ಕಾರು ಓಡಿದ ಮೇಲೆ ತಿರುವಿನಲ್ಲಿ ಚಕ್ರದ ಗುಂಡಿ ಬೀಳುತ್ತದೆ. ಅಡ್ಡ ಜಾರುತ್ತಾ ಬಂದ ಕಾರಿನ ಹೊರಗಿನ ಚಕ್ರ ಆ ಗುಂಡಿಗೋ ಗದ್ದೆಯ ಬದುವಿಗೋ ಸಿಕ್ಕಿಕೊಂಡರೆ ಕಾರು ಮಗುಚುತ್ತದೆ. ಅದಕ್ಕೆ ದೊಡ್ಡ ವೇಗವೇನೂ ಬೇಕಿಲ್ಲ.

ಕಾರು ಮಗುಚಿದಾಗ ಚಾವಣಿ ಒಳಕ್ಕೆ ಬರಬಹುದು. ಕಂಪನಿಯ ಮೂರು ಪಾಯಿಂಟ್ ಬೆಲ್ಟಿನಲ್ಲಿ ಒಂದು ಭುಜ ಮಾತ್ರ ಹಿಡಿದಿರುತ್ತದೆ, ಮೈ ಪಕ್ಕಕ್ಕೆ ವಾಲಲು ಜಾಗವಿದೆ. ಹಾರ್ನೆಸ್ ಎರಡೂ ಭುಜ ಹಿಡಿದು ಮನುಷ್ಯನನ್ನು ನೆಟ್ಟಗೆ ಕೂರಿಸಿರುತ್ತದೆ. ಬಗ್ಗುವ ಚಾವಣಿಗೂ ಸೀಟಿಗೂ ನಡುವೆ ಅವನ ತಲೆ, ಕುತ್ತಿಗೆ. ಚಾವಣಿ ಬಗ್ಗದಂತೆ ತಡೆಯುವ ಕೇಜ್ ಇದ್ದಾಗ ಮಾತ್ರ ನೆಟ್ಟಗೆ ಕಟ್ಟಿ ಕೂರಿಸುವುದಕ್ಕೆ ಅರ್ಥ.

ಇನ್ನೊಂದು ಕುತ್ತಿಗೆಯ ವಿಷಯ. ಎದೆಯನ್ನು ಗಟ್ಟಿಯಾಗಿ ಹಿಡಿದಷ್ಟೂ ತಲೆ ಒಂದೇ ಮುಂದಕ್ಕೆ ಹಾರುತ್ತದೆ, ಹೆಲ್ಮೆಟ್ಟಿನ ಭಾರವೂ ಜತೆಗೆ. ತಲೆಬುರುಡೆಯ ತಳ ಕುತ್ತಿಗೆ ಸೇರುವ ಕಡೆ ಒಡೆಯುತ್ತದೆ. 1994ರಲ್ಲಿ ಇಮೋಲಾದಲ್ಲಿ ಫಾರ್ಮುಲಾ ಒನ್ ಡ್ರೈವರ್ ರೋಲಾಂಡ್ ರಾಟ್ಸೆನ್‌ಬರ್ಗರ್ ತೀರಿಕೊಂಡದ್ದು, 2001ರ ಫೆಬ್ರುವರಿಯಲ್ಲಿ ಡೇಟೋನಾದಲ್ಲಿ ಅಮೆರಿಕದ ನಾಸ್ಕಾರ್ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡದ್ದು ಇಂಥ ಗಾಯದಿಂದಲೇ. ಹ್ಯಾನ್ಸ್ ಅದಕ್ಕೆ ಎಷ್ಟೋ ಮೊದಲೇ ಇತ್ತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಹಬರ್ಡ್ ಮತ್ತು ರೇಸ್ ಡ್ರೈವರ್ ಜಿಮ್ ಡೌನಿಂಗ್ ಅದನ್ನು 1980ರ ದಶಕದಲ್ಲೇ ರೂಪಿಸಿದ್ದರು. ಆದರೆ ಅದು ಕಡ್ಡಾಯವಾಗುವ ಹೊತ್ತಿಗೆ ದೊಡ್ಡ ಹೆಸರುಗಳೇ ಹೋಗಿದ್ದವು. ಫಾರ್ಮುಲಾ ಒನ್‌ನಲ್ಲಿ ಕಡ್ಡಾಯವಾದದ್ದು 2003ರಲ್ಲಿ. ಹಳ್ಳಿಯ ಗದ್ದೆಯಲ್ಲಿ ಓಡಿಸುವವನಿಗೆ ಇದೆಲ್ಲ ಯಾಕೆ ಅನ್ನುವವರಿದ್ದಾರೆ. ಮಣ್ಣಿನ ದಿಬ್ಬಕ್ಕೆ ಎದುರಾಗಿ ಗುದ್ದಿದ ಕಾರು ಗಕ್ಕನೆ ನಿಲ್ಲುತ್ತದೆ. ಕುತ್ತಿಗೆಗೆ ಅದು ಯಾವ ಊರಿನ ಟ್ರ್ಯಾಕ್ ಅನ್ನುವ ಲೆಕ್ಕ ಇಲ್ಲ.

ಹಾಗಾಗಿ ಅವನ ಮುಂದೆ ಎರಡು ದಾರಿ ಇಟ್ಟೆ. ಒಂದು, ಕಂಪನಿ ಸೀಟು, ಕಂಪನಿ ಬೆಲ್ಟು ವಾಪಸ್ ಹಾಕಿ, ಅದಕ್ಕೆ ಅವಕಾಶ ಇರುವ ಕಡೆ ಮಾತ್ರ, ಕಲಿಯುವುದಕ್ಕೆ ಅಂತ ಓಡಿಸುವುದು. ಇನ್ನೊಂದು, ಕಾರನ್ನು ರಸ್ತೆಯಿಂದ ಪೂರ್ತಿ ಇಳಿಸಿ ಸ್ಪರ್ಧೆಗೆಂದೇ ಕಟ್ಟುವುದು: ಕೇಜ್, ಸೀಟು, ಆರು ಪಟ್ಟಿ, ಹ್ಯಾನ್ಸ್, ಎಲ್ಲ ಒಟ್ಟಿಗೆ. ನಡುವಿನದ್ದನ್ನು ನಾನು ಕಟ್ಟಿಕೊಡುವುದಿಲ್ಲ ಅಂದೆ. ಕೇಜ್ ಹಾಕಿದ ಕಾರನ್ನು ದಿನಾ ಓಡಿಸುವುದೂ ಸರಿಯಲ್ಲ. ಹೆಲ್ಮೆಟ್ ಇಲ್ಲದ ತಲೆಗೆ ಪಕ್ಕದಲ್ಲೇ ಕಬ್ಬಿಣದ ಪೈಪ್ ಇರುತ್ತದೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ರಸ್ತೆ ಕಾರನ್ನು ಬದಲಾಯಿಸುವ ಹಾಗಿಲ್ಲ.

ಅವನು ಮೊದಲು ಒಂದನೇ ದಾರಿ ಹಿಡಿದ. ಕಂಪನಿ ಸೀಟು, ಬೆಲ್ಟು ವಾಪಸ್ ಕೂರಿಸಿದೆವು. ಅದರಲ್ಲೂ ಮೈ ಅಲ್ಲಾಡದಂತೆ ಕೂರುವ ಒಂದು ಉಪಾಯ ಹಳೆಯ ಕಾಲದಿಂದ ಇದೆ. ಸೀಟನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಬೆಲ್ಟು ಹಾಕಿ, ಭುಜದ ಪಟ್ಟಿಯನ್ನು ಜಗ್ಗಿ ರೀಲ್ ಲಾಕ್ ಆಗುವಂತೆ ಹಿಡಿದು, ಹಾಗೇ ಸೀಟನ್ನು ಮುಂದಕ್ಕೆ ತಂದು ಕೂರಿಸುವುದು. ಬೆಲ್ಟು ಮೈಗೆ ಬಿಗಿಯಾಗಿ ನಿಲ್ಲುತ್ತದೆ. ಸೀಟಿನ ಕೊಕ್ಕೆ ಕಟ್ ಅಂತ ಕೂತಿತೇ ಅಂತ ಮಾತ್ರ ಒದ್ದು ನೋಡಬೇಕು. ಒಂದು ಸೀಸನ್ ಹೀಗೇ ಓಡಿಸಿದ. ಮಳೆಗಾಲ ಶುರುವಾಗುವ ಹೊತ್ತಿಗೆ ಮನೆಗೆ ಬೇರೆ ಗಾಡಿ ಬಂದಿತ್ತು. ಎರಡನೇ ದಾರಿಗೆ ಕಾರು ತಂದು ಬಿಟ್ಟ.

ನೆಲದಿಂದ ಶುರು

ಕಾರ್ಪೆಟ್ ಎತ್ತಿದರೆ ಡ್ರೈವರ್ ಕಡೆಯ ನೆಲ ತುಕ್ಕು. ಮಲೆನಾಡಿನ ಕಾರುಗಳಲ್ಲಿ ಇದು ಹೊಸದಲ್ಲ. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಒದ್ದೆ ಕಾಲಿನಲ್ಲಿ ಹತ್ತಿ ಇಳಿದು ಕಾರ್ಪೆಟ್ ಅಡಿಯ ಫೆಲ್ಟು ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ಮೇಲಿಂದ ಬಣ್ಣ ಚೆನ್ನಾಗಿ ಕಂಡರೂ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತದೆ. ಇಂಥ ನೆಲಕ್ಕೆ ಎಷ್ಟು ದಪ್ಪದ ಪ್ಲೇಟ್ ಕೊಟ್ಟರೂ ಸುಮ್ನೆ. ತುಕ್ಕು ಹಿಡಿದ ಭಾಗ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ಪ್ರೈಮರ್ ಹೊಡೆದು, ಆಮೇಲೆ ಮುಂದಿನ ಮಾತು.

ಕೇಜ್‌ಗೆ ಪೈಪ್ ಯಾವುದು ಅನ್ನುವಲ್ಲಿ ಬಹಳ ಜನ ತಪ್ಪುತ್ತಾರೆ. ನೀರಿನ ಪೈಪು, ಗೇಟಿಗೆ ಬಳಸುವ ಪೈಪು ಬೇಡ. ಕೋಲ್ಡ್ ಡ್ರಾನ್ ಸೀಮ್‌ಲೆಸ್ ಬೇಕು, 350 ನ್ಯೂಟನ್ ಪ್ರತಿ ಚದರ ಮಿಲಿಮೀಟರಿಗೆ ಕಡಿಮೆ ಇಲ್ಲದ ಬಲದ್ದು. ಮುಖ್ಯ ಕಮಾನಿಗೆ 45 ಮಿಮೀ ವ್ಯಾಸ, 2.5 ಮಿಮೀ ದಪ್ಪ. ಉಳಿದ ಪೈಪುಗಳಿಗೆ 38 ಮಿಮೀ, 2.5 ದಪ್ಪ. ಕೇಜಿನ ಕಾಲು ಕೂರುವ ಕಡೆ ಬಾಡಿಗೆ 3 ಮಿಮೀ ದಪ್ಪದ, 120 ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಪ್ಲೇಟ್. ಬೆಂಗಳೂರಿನಿಂದ ಟೆಸ್ಟ್ ಸರ್ಟಿಫಿಕೇಟ್ ಸಮೇತ ಪೈಪು ತರಿಸಿದೆವು. ಬಗ್ಗಿಸುವುದು, ವೆಲ್ಡ್ ಮಾಡುವುದು ನಮ್ಮ ಕೆಲಸವೇ. ಅದರ ಕಥೆ ಇಲ್ಲಿ ಬೇಡ, ಅದೇ ಬೇರೆ ಲೇಖನವಾಗುತ್ತದೆ.

ಆದರೆ ಒಂದು ಪೈಪನ್ನು ಆಗಲೇ ವೆಲ್ಡ್ ಮಾಡಲಿಲ್ಲ. ಭುಜದ ಪಟ್ಟಿ ಕಟ್ಟುವ ಅಡ್ಡ ಪೈಪು. ಅದರ ಎತ್ತರ ತೀರ್ಮಾನ ಮಾಡುವುದು ಕಾರಲ್ಲ, ಕೂರುವ ಮನುಷ್ಯನ ಭುಜ. ಭುಜ ಎಲ್ಲಿ ಬರುತ್ತದೆ ಅನ್ನುವುದನ್ನು ತೀರ್ಮಾನ ಮಾಡುವುದು ಸೀಟು. ಹಾಗಾಗಿ ಮೊದಲು ಸೀಟು.

ಎಫ್‌ಐಎ 8855-1999 ಲೇಬಲ್ ಇರುವ ಸೀಟು ತಂದ. ಈ ಲೇಬಲ್ಲಿನ ಸೀಟಿಗೆ ತಯಾರಾದ ದಿನದಿಂದ 5 ವರ್ಷ ಆಯಸ್ಸು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ನೋಡಬೇಕಾದ್ದು ಆ ದಿನಾಂಕವನ್ನೇ. ಕೊಳ್ಳುವ ಮೊದಲು ಅವನನ್ನು ಬೇರೆ ಬೇರೆ ಅಳತೆಯ ಸೀಟಿನಲ್ಲಿ ಕೂರಿಸಿ ನೋಡಿದೆವು. ಹುಡುಗ ತೆಳ್ಳಗಿದ್ದಾನೆ. ಅಗಲದ ಸೀಟಿನಲ್ಲಿ ಪಕ್ಕೆ ಆಡುತ್ತದೆ, ಆಗ ಅವನು ಸ್ಟೀರಿಂಗ್ ಹಿಡಿದುಕೊಂಡು ಬ್ಯಾಲೆನ್ಸ್ ಮಾಡುತ್ತಾನೆ. ಸೀಟಿನ ಕೆಲಸವೇ ಆ ಅಗತ್ಯ ತಪ್ಪಿಸುವುದು. ಸಂದಿಗೆ ಫೋಮ್ ತುರುಕಿದರೆ ಆಗುವುದಿಲ್ಲವೇ ಅಂದ. ಮೆತ್ತೆ 50 ಮಿಲಿಮೀಟರ್ ದಾಟಬಾರದು ಅಂತ ನಿಯಮವೇ ಇದೆ. ಮೆತ್ತೆ ಒತ್ತಿಕೊಂಡಷ್ಟೂ ಬೆಲ್ಟು ಸಡಿಲವಾಗುತ್ತದೆ.

ಸೀಟಿನ ಜಾಗ ಹುಡುಕುವುದಕ್ಕೆ ಅರ್ಧ ದಿನ ಕೊಡಬೇಕು. ಅವಸರ ಮಾಡುವವರು ಅವಸರ ಮಾಡುವುದು ಇಲ್ಲೇ. ಹೆಲ್ಮೆಟ್, ಶೂ ಹಾಕಿಸಿ, ಮರದ ತುಂಡುಗಳ ಮೇಲೆ ಸೀಟು ಇಟ್ಟು ಕೂರಿಸಿದೆವು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಭುಜ ಸೀಟಿಗೆ ಒರಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು. ಹೆಲ್ಮೆಟ್ಟಿಗೂ ಕೇಜಿನ ಪೈಪಿಗೂ ಜಾಗ ಬೇಕು. ಸ್ವಿಫ್ಟ್‌ನಲ್ಲಿ ಸೀಟು ಎಷ್ಟು ಕೆಳಗೆ ಹೋದರೂ ಒಳ್ಳೆಯದು ಅನ್ನಿಸುತ್ತದೆ, ಆದರೆ ಬಾನೆಟ್ಟಿನ ಮೂಲೆ ಕಾಣದಷ್ಟು ಇಳಿಸಿದರೆ ತಿರುವಿನ ಒಳಗಿನ ಕಂಬ ಕಾಣುವುದಿಲ್ಲ. ಅವನು ಕೇಳಿದ್ದಕ್ಕಿಂತ ಒಂದು ಇಂಚು ಮೇಲೆ ನಿಲ್ಲಿಸಿದೆ.

ಸ್ಲೈಡರ್ ಇಡಲಿಲ್ಲ. ಕಾರಿನ ಜತೆ ಬಂದದ್ದು ಅಥವಾ ಸೀಟಿನ ಜತೆ ಬಂದದ್ದು ಬಿಟ್ಟು ಬೇರೆ ಸ್ಲೈಡರ್ ನಿಯಮದಲ್ಲಿ ನಡೆಯುವುದಿಲ್ಲ. ಓಡಿಸುವವನು ಒಬ್ಬನೇ ಆದ್ದರಿಂದ ಬೇಕಾಗಿಯೂ ಇರಲಿಲ್ಲ. ಎರಡೂ ಪಕ್ಕಕ್ಕೆ 3 ಮಿಮೀ ಉಕ್ಕಿನ ಬ್ರ್ಯಾಕೆಟ್, ನಾಲ್ಕು ಕಡೆ ಬೋಲ್ಟು. ನಿಯಮ 8 ಮಿಮೀ ಬೋಲ್ಟು ಸಾಕು ಅನ್ನುತ್ತದೆ, ನಾವು 10 ಹಾಕಿದೆವು. ಪ್ರತಿ ಬೋಲ್ಟಿನ ಅಡಿಗೆ 40 ಚದರ ಸೆಂಟಿಮೀಟರಿನ ಪ್ಲೇಟ್. ಪ್ಲೇಟಿನ ಮೂಲೆಗಳನ್ನು ದುಂಡಗೆ ಉಜ್ಜಿದೆವು. ಚೂಪು ಮೂಲೆ ಇದ್ದರೆ ಎಳೆತದಲ್ಲಿ ಅದೇ ತಗಡನ್ನು ಕತ್ತರಿಸಲು ಶುರು ಮಾಡುತ್ತದೆ.

ಪಟ್ಟಿಗಳು

ಸೀಟು ಗಟ್ಟಿಯಾದ ಮೇಲೆ ಹುಡುಗನನ್ನು ಮತ್ತೆ ಕೂರಿಸಿ, ಭುಜದ ಮೇಲಿಂದ ದಾರ ಕಟ್ಟಿ ಹಿಂದಕ್ಕೆ ಎಳೆದು, 10 ಡಿಗ್ರಿ ಇಳಿಜಾರಿಗೆ ಅಡ್ಡ ಪೈಪಿನ ಎತ್ತರ ಗುರುತು ಮಾಡಿದೆವು. ಆಮೇಲೆ ವೆಲ್ಡ್. ದಾರ ಕಟ್ಟಿ ನೋಡುವುದು ಹಳೆಯ ಪದ್ಧತಿ ಅನ್ನಿಸಬಹುದು. ಅದಕ್ಕಿಂತ ನಂಬಿಕೆಯ ಅಳತೆ ನನಗೆ ಸಿಕ್ಕಿಲ್ಲ.

ಅಡ್ಡ ಪೈಪು ಸೀಟಿನ ಹಿಂದೆ ಹತ್ತಿರದಲ್ಲೇ ಇದೆ, ಅದೂ ಬೇಕಾದದ್ದೇ. ಪಟ್ಟಿ ಪಾಲಿಯೆಸ್ಟರ್, ಹೊಡೆತಕ್ಕೆ ಹಿಗ್ಗುತ್ತದೆ. ಪಟ್ಟಿ ಉದ್ದ ಇದ್ದಷ್ಟೂ ಹಿಗ್ಗು ಜಾಸ್ತಿ, ತಲೆ ಸ್ಟೀರಿಂಗಿಗೆ ಅಷ್ಟು ಹತ್ತಿರ. ಪಟ್ಟಿಯನ್ನು ಪೈಪಿಗೆ ಸುತ್ತಿ ಮೂರು ಕಡ್ಡಿಯ ಸ್ಲೈಡ್‌ನಲ್ಲಿ ಲಾಕ್ ಮಾಡುವಾಗ ಕೊನೆಯ ಸುತ್ತು ಬಿಡಬಾರದು. ತುದಿ ವಾಪಸ್ ಬಂದು ಮತ್ತೊಮ್ಮೆ ಕಡ್ಡಿಯ ಅಡಿಗೆ ಹೋಗಬೇಕು. ಅದಿಲ್ಲದಿದ್ದರೂ ಕೈಯಲ್ಲಿ ಎಳೆದರೆ ಗಟ್ಟಿ ಇದ್ದಂತೆಯೇ ಕಾಣುತ್ತದೆ, ದೊಡ್ಡ ಎಳೆತಕ್ಕೆ ಮಾತ್ರ ಜಾರುತ್ತದೆ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರ ಹತ್ತುವ ಮೊದಲು ಕಾಲಿಗೆ ಹಾಕುವ ತಳೆಯ ಗಂಟು ನೋಡಿಕೊಳ್ಳುವಂತೆ ಇದನ್ನು ಪ್ರತಿ ಸಲವೂ ನೋಡಬೇಕು. ಪಟ್ಟಿಗಳು ಪೈಪಿನ ಮೇಲೆ ಪಕ್ಕಕ್ಕೆ ಓಡದಂತೆ ಎರಡೂ ಬದಿಗೆ ಚಿಕ್ಕ ತಡೆ ಬೆಸೆದೆವು.

ಸೊಂಟದ ಪಟ್ಟಿಗಳು ಈಗ ಸೀಟಿನ ಪಕ್ಕದ ತೂತಿನೊಳಗಿಂದ ಬರುತ್ತವೆ. ನೆಲದ ಬೋಲ್ಟಿನಿಂದ ಸೊಂಟಕ್ಕೆ ಸುಮಾರು 60 ಡಿಗ್ರಿ. ಪಟ್ಟಿ ತೊಡೆಯೂ ಸೊಂಟದ ಮೂಳೆಯೂ ಸೇರುವ ಮಡಿಕೆಯಲ್ಲಿ ಕೂರುತ್ತದೆ. ಕ್ರಾಚ್ ಸ್ಟ್ರಾಪ್ ಎರಡೂ ಸೀಟಿನ ತೂತಿನಿಂದ ಇಳಿದು ಎದೆಯ ಗೆರೆಯನ್ನು ಹಾಗೇ ಕೆಳಕ್ಕೆ ಎಳೆದರೆ ಅದು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಹಿಂದೆ ನೆಲ ಸೇರುತ್ತವೆ. ಎಲ್ಲ ಬೋಲ್ಟುಗಳೂ 7/16 ಇಂಚಿನ ಯುಎನ್‌ಎಫ್ (ಸಣ್ಣ ಹಲ್ಲಿನವು), ಅಡಿಗೆ 3 ಮಿಮೀ ಪ್ಲೇಟ್. ಸೊಂಟ, ಭುಜದ ಒಂದೊಂದು ಪಾಯಿಂಟೂ 1,470 ಡೆಕಾನ್ಯೂಟನ್ ತಡೆಯಬೇಕು ಅನ್ನುತ್ತದೆ ನಿಯಮ, ಅಂದರೆ ಹತ್ತಿರ ಹತ್ತಿರ ಒಂದೂವರೆ ಟನ್. ಕ್ರಾಚ್ ಪಟ್ಟಿಗೆ 720. ಬ್ರ್ಯಾಕೆಟ್ಟಿನ ಮುಖ ಪಟ್ಟಿ ಎಳೆಯುವ ದಿಕ್ಕಿಗೇ ಇರಬೇಕು. ಅಡ್ಡವಾಗಿದ್ದರೆ ಹೊಡೆತಕ್ಕೆ ಮೊದಲು ಬ್ರ್ಯಾಕೆಟ್ ಬಗ್ಗುತ್ತದೆ, ಅಷ್ಟು ಹೊತ್ತು ಮೈ ಸಡಿಲ.

ಹಳೆಯ ಹಾರ್ನೆಸ್‌ನ ಭುಜದ ಪಟ್ಟಿ ಚೆನ್ನಾಗಿಯೇ ಇದೆ, ಅದಕ್ಕೆ ಕ್ರಾಚ್ ಪಟ್ಟಿ ಮಾತ್ರ ಕೊಂಡರೆ ಸಾಲದೇ ಅಂತ ಅವನ ಅಣ್ಣ ಕೇಳಿದರು. ಸಾಲದು. ಬೇರೆ ಬೇರೆ ಸೆಟ್ಟಿನ ಭಾಗ ಸೇರಿಸುವುದಕ್ಕೆ ನಿಯಮ ಬಿಡುವುದೇ ಇಲ್ಲ. ಹೊಸ ಸೆಟ್ಟು ಎಫ್‌ಐಎ 8853-2016 ಲೇಬಲ್ಲಿನದು. ಲೇಬಲ್ ಮೇಲೆಯೇ ಯಾವ ವರ್ಷದವರೆಗೆ ನಡೆಯುತ್ತದೆ ಅಂತ ಬರೆದಿರುತ್ತದೆ.

ಬೈಕಿನ ಹೆಲ್ಮೆಟ್ಟಿಗೆ ಹ್ಯಾನ್ಸ್ ಸಿಗಿಸಲು ಆಗುವುದಿಲ್ಲ. ಡ್ರಿಲ್ ಮಾಡಿ ಪಿನ್ ಕೂರಿಸುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ. ತೂತು ಬಿದ್ದ ಚಿಪ್ಪು ಹೊಡೆತಕ್ಕೆ ಅಲ್ಲಿಂದಲೇ ಸೀಳುತ್ತದೆ. ಹ್ಯಾನ್ಸ್ ಪಿನ್‌ಗೆ ತಯಾರಿಸಿದ ಕಾರ್ ರೇಸಿಂಗ್ ಹೆಲ್ಮೆಟ್ಟೇ ಬೇಕು. ಸೀಟು, ಹಾರ್ನೆಸ್, ಹ್ಯಾನ್ಸ್, ಹೆಲ್ಮೆಟ್, ಕೇಜ್ ಎಲ್ಲ ಸೇರಿ ಖರ್ಚು ಆ ಹಳೆಯ ಸ್ವಿಫ್ಟ್‌ನ ಬೆಲೆಯನ್ನು ದಾಟಿತು. ಮನೆಯವರಿಗೆ ಇದನ್ನು ಮೊದಲೇ ಹೇಳಿದ್ದೆವು. ಅರ್ಧದಲ್ಲಿ ದುಡ್ಡು ಮುಗಿದರೆ ಕೈಬಿಡುವುದು ಯಾವಾಗಲೂ ಹ್ಯಾನ್ಸ್ ಅನ್ನೇ. ಅದಕ್ಕೇ ಅದನ್ನು ಎಲ್ಲಕ್ಕಿಂತ ಮೊದಲು ತರಿಸಿದೆ.

ಕಟ್ಟಿ ನೋಡಿದ್ದು

ಬೆಲ್ಟು ಹಾಕುವ ಕ್ರಮವನ್ನೂ ಹೇಳಿಕೊಡಬೇಕಾಯಿತು. ಮೊದಲು ಸೊಂಟ, ಆದಷ್ಟು ಕೆಳಗೆ, ನೋವು ಅನ್ನಿಸುವಷ್ಟು ಬಿಗಿ. ಆಮೇಲೆ ಕ್ರಾಚ್. ಕೊನೆಗೆ ಭುಜ. ಭುಜದಿಂದ ಶುರು ಮಾಡಿದರೆ ಸೊಂಟದ ಪಟ್ಟಿ ಮತ್ತೆ ಮೇಲೇರುತ್ತದೆ, ಆರು ಪಟ್ಟಿ ಇದ್ದೂ ಹಳೆಯ ಕಥೆಯೇ.

ಬಿಗಿಯಾಗಿ ಕೂತ ಮೇಲೆ ಕೈ ಎಲ್ಲೆಲ್ಲಿ ಎಟುಕುತ್ತದೆ ಅಂತ ನೋಡಿದೆವು. ಎಂಜಿನ್ ಒಮ್ಮೆಗೇ ಆರಿಸುವ ಕಿಲ್ ಸ್ವಿಚ್ ಎಟುಕಲಿಲ್ಲ. ಅದನ್ನು ಡ್ಯಾಶ್‌ಬೋರ್ಡಿನ ನಡುವಿಗೆ ತಂದೆವು. ಬೆಲ್ಟು ಕತ್ತರಿಸುವ ಚಾಕು ಎರಡು, ಒಂದು ಕೇಜಿನ ಎಡಕ್ಕೆ, ಒಂದು ಬಲಕ್ಕೆ. ಮಗುಚಿದ ಕಾರಿನಲ್ಲಿ ಯಾವ ಕೈ ಆಡುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ಕಣ್ಣು ಮುಚ್ಚಿಸಿ ಬಕಲ್ ತಿರುಗಿಸಿ ಹೊರಗೆ ಬರುವುದನ್ನು ಮತ್ತೆ ಮತ್ತೆ ಮಾಡಿಸಿದೆವು. ಮೊದಲಿಗೆ ಹ್ಯಾನ್ಸ್ ಬಾಗಿಲ ಪೈಪಿಗೆ ಸಿಕ್ಕಿಕೊಳ್ಳುತ್ತಿತ್ತು. ತಲೆ ಮೊದಲು ಹೊರಗೆ ಹಾಕಿ ಮೈ ತಿರುಗಿಸಿದರೆ ಸಲೀಸು ಅಂತ ಅವನೇ ಕಂಡುಕೊಂಡ.

ಗದ್ದೆಯಲ್ಲಿ ಓಡಿಸಿ ಬಂದ ಮೇಲೆ ಅವನು ಹೇಳಿದ ಮೊದಲ ಮಾತು ಸಮಯದ ಬಗ್ಗೆ ಇರಲಿಲ್ಲ. ಸ್ಟೀರಿಂಗ್ ಹಗುರ ಅನ್ನಿಸುತ್ತಿದೆ ಅಂದ. ಕಾರಿನಲ್ಲಿ ಸ್ಟೀರಿಂಗ್ ಬದಲಾಗಿಲ್ಲ. ಮೈ ಹಿಡಿದುಕೊಳ್ಳಲು ಅದನ್ನು ಹಿಡಿಯುವುದು ನಿಂತಿದೆ, ಅಷ್ಟೇ. ಹೊಟ್ಟೆಯ ಮೇಲೆ ಗುರುತಿಲ್ಲ, ಸೊಂಟದ ಮೂಳೆಯ ಮೇಲೆ ಎರಡು ಕೆಂಪು ಗೆರೆ ಇತ್ತು. ಎಳೆತ ಬೀಳಬೇಕಾದ ಕಡೆಯೇ ಬಿದ್ದಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಮೊದಲ ಓಟದ ನಂತರ ಎಲ್ಲ ಬೋಲ್ಟುಗಳಿಗೂ ಟಾರ್ಕ್ ರೆಂಚ್ ಹಾಕಿದೆವು. ಸೀಟಿನ ಎರಡು ಬೋಲ್ಟು ಸ್ವಲ್ಪ ತಿರುಗಿದವು. ಹೊಸ ಬಣ್ಣ ಒತ್ತಿಕೊಂಡು ಕೂತಾಗ ಹೀಗಾಗುತ್ತದೆ. ಬಿಗಿ ಮಾಡಿ ಬಣ್ಣದ ಗೆರೆ ಎಳೆದೆವು, ಮುಂದೆ ಸಡಿಲವಾದರೆ ಕಣ್ಣಿಗೇ ಕಾಣಲಿ ಅಂತ.

ಇನ್ನುಳಿದದ್ದು ನಮ್ಮ ಹವೆಯ ಕೆಲಸ. ಕೆಂಪು ಮಣ್ಣಿನ ಧೂಳು ಬಕಲ್ಲಿನೊಳಗೆ ಕೂತರೆ ಅದು ತಿರುಗಲು ಗಟ್ಟಿಯಾಗುತ್ತದೆ. ಪ್ರತಿ ಓಟದ ನಂತರ ಗಾಳಿ ಹೊಡೆದು ತೆಗೆಯಬೇಕು. ಎಣ್ಣೆ ಬಿಡಬಾರದು, ಧೂಳು ಇನ್ನಷ್ಟು ಅಂಟುತ್ತದೆ. ಪಟ್ಟಿಗೆ ಕೆಸರು ಹತ್ತಿದರೆ ಉಗುರು ಬೆಚ್ಚಗಿನ ನೀರು, ಸೌಮ್ಯ ಸೋಪು, ನೆರಳಿನಲ್ಲಿ ಒಣಗಿಸುವುದು. ಬ್ಲೀಚು ಬೇಡ, ಬಿಸಿಲೂ ಬೇಡ. ಮಳೆಗಾಲದಲ್ಲಿ ಹಾರ್ನೆಸ್ಸನ್ನು ಕಾರಿನಲ್ಲಿ ಬಿಡದೆ ಬಿಚ್ಚಿ ಮನೆಯೊಳಗೆ ಅಡಿಕೆ ಒಣಗಿಸುವ ಅಟ್ಟದಲ್ಲಿ ಇಡುತ್ತೇನೆ ಅಂದ. ಹೊಗೆ ತಾಗದ ಜಾಗ ನೋಡಿ ಇಡು ಅಂದೆ. ಪಟ್ಟಿಯ ಅಂಚು ಎಳೆ ಬಿಟ್ಟರೆ, ಅಥವಾ ದೊಡ್ಡ ಡಿಕ್ಕಿಯಾದರೆ, ಚೆನ್ನಾಗಿ ಕಂಡರೂ ಸೆಟ್ಟು ಪೂರ್ತಿ ಹೊಸದು. ಹಾಗೇ, ಒಂದೊಂದು ಸ್ಪರ್ಧೆಗೂ ಸಂಘಟಕರು ಕೊಡುವ ಸಪ್ಲಿಮೆಂಟರಿ ರೆಗ್ಯುಲೇಷನ್ ಹಾಳೆಯನ್ನು ಮೊದಲೇ ಓದಿಕೊಳ್ಳಬೇಕು. ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐ ಅಡಿಯ ಸ್ಪರ್ಧೆಯಾದರೆ ಕಾರು ತಪಾಸಣೆ ಮಾಡುವ ಸ್ಕ್ರೂಟಿನಿಯವರು ಲೇಬಲ್ಲಿನ ದಿನಾಂಕ ಕೇಳಿಯೇ ಕೇಳುತ್ತಾರೆ.

ಈಗ ಅವನ ಗೆಳೆಯನಿಗೆ ಪಕ್ಕದಲ್ಲಿ ಕೂತು ನೋಡುವ ಆಸೆ. ಕಂಪನಿ ಸೀಟು, ಕಂಪನಿ ಬೆಲ್ಟು ಎಡಗಡೆ ಹಾಕಿಕೊಡಿ ಅಂತ ಕೇಳಿದ್ದಾರೆ. ಕೇಜಿನ ಪೈಪು ಆ ಸೀಟಿನ ತಲೆಯ ಪಕ್ಕದಲ್ಲೇ ಹಾದುಹೋಗಿದೆ. ಡ್ರೈವರ್ ಕಡೆಗೆ ಮಾಡಿದ್ದೆಲ್ಲವನ್ನೂ ಎಡಗಡೆಗೂ ಮಾಡುವವರೆಗೆ ಅಲ್ಲಿ ಸೀಟು ಇರುವುದಿಲ್ಲ ಅಂತ ಹೇಳಿ, ಎಡಗಡೆಯ ಹಳೆಯ ಸೀಟನ್ನು ಬೋಲ್ಟು ಸಮೇತ ಅವನ ಮನೆಗೇ ಕಳಿಸಿದ್ದೇನೆ.